ಆಟದ ಫೀ ಕೊಟ್ಟವರಾರು, ಆಡುವವರಾರು?

ಪ್ರತಿ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ನಮ್ಮ ಹುನಗುಂದ, ಇಳಕಲ್ಲ, ಬಾದಾಮಿ ಕಡೆಯ ಕಾಲೇಜುಗಳ ಕಚೇರಿಯ ಕಿಟಕಿಯ ಮುಂದೆ ಪಾಳಿ ಹಚ್ಚಿ ನಿಲ್ಲುವವರನ್ನು ನಾವು ನೋಡುತ್ತೇವೆ. ಮಗ್ಗದ ಕೆಲಸ ಬಿಟ್ಟು ಬಂದ ತಂದೆ, ಕಿರಾಣಿ ಅಂಗಡಿಯ ಬಾಗಿಲು ಅರ್ಧ ಹಾಕಿ ಬಂದ ಅಣ್ಣ, ಕಲ್ಲಿನ ಗಣಿಯ ಧೂಳು ಮೈಮೇಲೆ ಹಾಗೆಯೇ ಇರುವ ಚಿಕ್ಕಪ್ಪ. ಮಗನದೋ ಮಗಳದೋ ಹೆಸರು ಹಚ್ಚಿಸಿ, ಎಣಿಸಿದ ನೋಟನ್ನು ಮತ್ತೊಮ್ಮೆ ಎಣಿಸಿ ಒಳಗೆ ಕೊಡುತ್ತಾರೆ. ಒಂದು ಪಾವತಿ ಹೊರಗೆ ಬರುತ್ತದೆ. ಅದನ್ನು ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಊರ ಬಸ್ಸು ಹಿಡಿಯುತ್ತಾರೆ.

ಆ ಪಾವತಿಯನ್ನು ಬಿಚ್ಚಿ ಓದಿದವರು ಎಷ್ಟು ಜನ? ಓದಿದರೆ ಅದರಲ್ಲಿ ಗ್ರಂಥಾಲಯದ ಫೀ, ಪರೀಕ್ಷೆಯ ಫೀ ಮುಂತಾದವುಗಳ ನಡುವೆ ಕ್ರೀಡಾ ಶುಲ್ಕ ಎಂಬ ಒಂದು ಸಾಲು ಇರುತ್ತದೆ. ಮೊತ್ತ ದೊಡ್ಡದಲ್ಲ. ಆದರೆ ಅದು ಎಲ್ಲರಿಂದಲೂ ಬರುತ್ತದೆ. ಓಡುವವನಿಂದಲೂ ಬರುತ್ತದೆ, ಓಡದವನಿಂದಲೂ ಬರುತ್ತದೆ. ಗಂಡುಹುಡುಗನಿಂದ ಬರುವಷ್ಟೇ ಹೆಣ್ಣುಹುಡುಗಿಯಿಂದಲೂ ಬರುತ್ತದೆ. ಹನಿ ಹನಿ ಕೂಡಿ ಹಳ್ಳವಾಗುತ್ತದೆ. ಆ ಹಳ್ಳದ ನೀರು ಯಾರ ಹೊಲಕ್ಕೆ ಹೋಗುತ್ತದೆ ಎಂಬುದೇ ಈ ವಾರ ನಾವು ಕೇಳಬೇಕೆಂದಿರುವ ಪ್ರಶ್ನೆ.

ವಿಶ್ವವಿದ್ಯಾಲಯದ ಅಂತರ ಕಾಲೇಜು ಕ್ರೀಡೆ ಎಂದರೆ ಏನೆಂಬುದು ನಮ್ಮ ಓದುಗರಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ; ಅದಕ್ಕಾಗಿ ಮೊದಲು ಅದನ್ನೇ ಹೇಳುತ್ತೇವೆ. ಒಂದು ವಿಶ್ವವಿದ್ಯಾಲಯದ ಕೆಳಗೆ ಹತ್ತಾರು, ಕೆಲವೆಡೆ ನೂರಾರು ಕಾಲೇಜುಗಳಿರುತ್ತವೆ. ಕಬಡ್ಡಿ, ಖೊಖೊ, ವಾಲಿಬಾಲ್, ಕುಸ್ತಿ, ಸೈಕಲ್, ಓಟ, ಎಸೆತ ಇವುಗಳಲ್ಲಿ ಈ ಕಾಲೇಜುಗಳು ತಮ್ಮ ತಮ್ಮಲ್ಲಿ ಸ್ಪರ್ಧೆ ಮಾಡುತ್ತವೆ. ಅಲ್ಲಿ ಮಿಗಿಲಾಗಿ ಆಡಿದವರನ್ನು ಆರಿಸಿ ವಿಶ್ವವಿದ್ಯಾಲಯದ ತಂಡ ಕಟ್ಟುತ್ತಾರೆ. ತಂಡದ ಆಟಗಳಲ್ಲಿ ಕರ್ನಾಟಕದ ವಿಶ್ವವಿದ್ಯಾಲಯಗಳು ದಕ್ಷಿಣ ವಲಯದಲ್ಲಿ ಆಡಿ, ಅಲ್ಲಿ ಗೆದ್ದರೆ ಅಖಿಲ ಭಾರತ ಸ್ಪರ್ಧೆಗೆ ಹೋಗುತ್ತವೆ. ಹಾಗೆ ವಿಶ್ವವಿದ್ಯಾಲಯದ ಪರವಾಗಿ ಆಡಿದವನಿಗೆ ‘ಬ್ಲೂ’ ಎಂದು ಹೆಸರು. ನೀಲಿ ಬಣ್ಣದ ಈ ಬಿರುದು ಇಂಗ್ಲೆಂಡಿನ ಆಕ್ಸಫರ್ಡ್, ಕೇಂಬ್ರಿಜ್ ಎಂಬ ದೊಡ್ಡಮನೆ ಮಕ್ಕಳ ವಿದ್ಯಾಪೀಠಗಳಿಂದ ಬಂದದ್ದು. ಅವರು 1829ರಲ್ಲಿ ಹೊಳೆಯಲ್ಲಿ ದೋಣಿ ಓಡಿಸುವ ಪಂದ್ಯ ಆರಂಭಿಸಿದರು. ಬಿರುದು ನಮ್ಮೂರಿಗೂ ಬಂದಿದೆ. ದೋಣಿ ಮಾತ್ರ ಇನ್ನೂ ಬಂದಿಲ್ಲ.

ನಮ್ಮ ದೇಶದಲ್ಲಿ ವಿಶ್ವವಿದ್ಯಾಲಯಗಳ ಒಕ್ಕೂಟ 1925ರಿಂದ ಇದೆ. ರೋಹಿಂಟನ್ ಬಾರಿಯಾ ಟ್ರೋಫಿಯ ಕ್ರಿಕೆಟ್ ಪಂದ್ಯ 1935-36ರಿಂದ ನಡೆದಿದೆ. ಎಲ್ಲ ಆಟಗಳನ್ನೂ ಕೂಡಿಸಿ ನೋಡಿ ಉತ್ತಮ ವಿಶ್ವವಿದ್ಯಾಲಯಕ್ಕೆ ಕೊಡುವ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ 1956-57ರಲ್ಲಿ ಆರಂಭವಾಯಿತು. ಅದನ್ನು ಅತಿ ಹೆಚ್ಚು ಸಲ ಒಯ್ದವರು ಪಂಜಾಬದ ಕಡೆಯವರು. ನಮ್ಮ ಭಾಗಕ್ಕೆ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿ 1950ರಲ್ಲಿ ಧಾರವಾಡಕ್ಕೆ ಬಂತು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು, ನಮ್ಮ ಜಿಲ್ಲೆ ಅದಕ್ಕೆ ಸೇರಿತು. 2023ರಲ್ಲಿ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವೆಂಬ ಫಲಕ ಎದ್ದಿತು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಎತ್ತಿದಾಗ ಇದರ ಹೆಸರೂ ಆ ಪಟ್ಟಿಯಲ್ಲಿತ್ತು. ಫಲಕ ಬದಲಾದ ಹಾಗೆಲ್ಲ ನಮ್ಮ ಮಕ್ಕಳು ಆಡುವ ತಂಡದ ಹೆಸರು ಬದಲಾಯಿತು. ಆದರೆ ಪಾವತಿಯ ಮೇಲಿನ ಕ್ರೀಡಾ ಶುಲ್ಕದ ಸಾಲು ಒಂದು ವರ್ಷವೂ ತಪ್ಪಲಿಲ್ಲ.

ಇನ್ನು ನಮ್ಮ ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇವೆ.

ನಾವು ಪಕ್ಷದ ಕೆಲಸಕ್ಕೆ ಬರುವ ಮೊದಲು ಮಾಸ್ತರಿಕೆ ಮಾಡುತ್ತಿದ್ದೆವು. ಮರೋಳದ ಕಡೆಯ ಒಬ್ಬ ಹುಡುಗಿ ನಮ್ಮ ಕೈಯಲ್ಲಿ ಕಲಿತಳು. ತಂದೆ ಸಂತೆಪೇಟೆಯಲ್ಲಿ ಹಮಾಲಿ, ತಾಯಿ ಕೂಲಿಗೆ ಹೋಗುವಾಕೆ. ಶಾಲೆಯ ಗಂಟೆ ಹೊಡೆದ ಮೇಲೆ ಮನೆಯಿಂದ ಹೊರಟು, ಪ್ರಾರ್ಥನೆ ಮುಗಿಯುವುದರೊಳಗೆ ಸಾಲಿನಲ್ಲಿ ಬಂದು ನಿಲ್ಲುತ್ತಿದ್ದಳು. ಎರೆಹೊಲದ ಬದುವಿನ ಮೇಲೆ ಓಡಿ ಓಡಿ ಕಾಲು ಗಟ್ಟಿಯಾಗಿದ್ದವು. ತಾಲೂಕಿನ ಕ್ರೀಡೆಗೆ ನಾವೇ ಕರೆದುಕೊಂಡು ಹೋದೆವು. ಬರಿಗಾಲಿನಲ್ಲಿ 1500 ಮೀಟರು ಓಡಿ, ಬೂಟು ಹಾಕಿದವರನ್ನೆಲ್ಲ ಹಿಂದೆ ಹಾಕಿದಳು. ಬಹುಮಾನಕ್ಕೆ ಕೊಟ್ಟ ಸ್ಟೀಲಿನ ಡಬ್ಬಿಯಲ್ಲಿ ಮರುದಿನ ರೊಟ್ಟಿ ಕಟ್ಟಿಕೊಂಡು ಬಂದಳು.

ಮುಂದೆ ಅವಳು ಕಾಲೇಜು ಸೇರಿದಳು. ಯಾವ ಕಾಲೇಜೆಂಬುದು ಇಲ್ಲಿ ಬೇಡ. 2019ರಲ್ಲಿ ಅಂತರ ಕಾಲೇಜು ಓಟಕ್ಕೆ ಅವಳ ಹೆಸರು ಬಂತು. ಸ್ಪರ್ಧೆ ನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ಊರಿನಲ್ಲಿ, ಎರಡು ದಿನ. ಹೋಗಿ ಬಂದ ಮೇಲೆ ಬಿಲ್ ಕೊಟ್ಟರೆ ಪ್ರಯಾಣದ ಖರ್ಚು, ಭತ್ಯೆ ಸಿಗುತ್ತದೆ ಎಂದರು. ಮೊದಲು ಸಿಗುವುದಿಲ್ಲ. ಜೊತೆಗೆ ಹೋಗಲು ಹೆಣ್ಣುಮಗಳೊಬ್ಬರೂ ಇರಲಿಲ್ಲ. ತಂದೆಯೇ ಕರೆದುಕೊಂಡು ಹೋಗಬೇಕೆಂದರೆ ಎರಡು ದಿನದ ಹಮಾಲಿ ತಪ್ಪುತ್ತದೆ, ಇಬ್ಬರ ಬಸ್ಸು, ಇಬ್ಬರ ಊಟ, ರಾತ್ರಿ ಇರಲು ಜಾಗ. ಹುಡುಗಿ ಹೋಗಲಿಲ್ಲ. ಹಾಜರಿ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ‘ಗೈರುಹಾಜರು’ ಎಂದು ಬಿದ್ದಿತು.

ನಮಗೆ ಈ ಸುದ್ದಿ ತಿಳಿದದ್ದು ನಾಲ್ಕು ದಿನದ ಮೇಲೆ. ತಂದೆಯನ್ನು ಕಂಡಾಗ ಅವರು ಅಂದ ಮಾತು ಇಷ್ಟು: “ರೊಕ್ಕಾ ಹೆಂಗರ ಮಾಡತಿದ್ನಿರಿ ಮಾಸ್ತರ್ರ. ಆದರ ಎರಡು ರಾತ್ರಿ ಅಕಿ ಎಲ್ಲಿ ಮಲಗಾಕಿ, ಸಂಗಾಟ ಯಾರಿರತಾರ, ಅದನ್ನ ಯಾರೂ ಹೇಳಲಿಲ್ಲರಿ. ನೀವರ ಊರಾಗ ಇರಲಿಲ್ಲ.”

ನಾವು ಊರಲ್ಲಿರಲಿಲ್ಲ, ನಿಜ. ಆ ವಾರ ನಾವು ಹಮಾಲರ ಕೂಲಿದರದ ಸಭೆಗಾಗಿ ಮೂರು ಪೇಟೆ ತಿರುಗುತ್ತಿದ್ದೆವು. ಹಮಾಲನ ಕೂಲಿಯ ಮಾತಾಡುತ್ತ ತಿರುಗಿದೆವು. ಹಮಾಲನ ಮಗಳ ಓಟ ತಪ್ಪಿದ್ದು ನಮಗೆ ಕಾಣಲಿಲ್ಲ. ಮರುವರ್ಷ ಅವಳ ಮದುವೆಯಾಯಿತು. ಅವಳು ಓಡಿದ್ದರೆ ಗೆಲ್ಲುತ್ತಿದ್ದಳೆಂದು ನಾವು ಹೇಳುವುದಿಲ್ಲ. ಸೋಲಲೂಬಹುದಿತ್ತು. ಸೋಲುವುದಕ್ಕಾದರೂ ಅವಳಿಗೆ ಅವಕಾಶ ಸಿಗಬೇಕಿತ್ತು. ಅವಳು ಫೀ ಕೊಟ್ಟಿದ್ದಳು.

ಅಂದಿನಿಂದ ಒಂದು ಅಡಚಣೆ ಹೋಗಿದೆ ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು. 2023ರ ಜೂನ್ 11ರಿಂದ ನಮ್ಮ ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ದುಡ್ಡಿಲ್ಲ. ಇಂದು ಮರೋಳದ ಹುಡುಗಿ ಕಿಸೆಯಲ್ಲಿ ಬಿಡಿಗಾಸಿಲ್ಲದೆ ಧಾರವಾಡದ ತನಕ ಹೋಗಬಲ್ಲಳು. ಸರಕಾರ ಮನಸ್ಸು ಮಾಡಿದರೆ ಒಂದು ಹುಕುಮಿನಿಂದ ಎಂಥ ಗೋಡೆ ಬೀಳುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಬಸ್ಸು ಇಳಿದ ಮೇಲೆ ಊಟ, ಜೊತೆಗಾತಿ, ಮಲಗಲು ಸುರಕ್ಷಿತ ಜಾಗ, ಕಾಲಿಗೆ ಬೂಟು ಇವು ಬೇಕೇ ಬೇಕು. ಒಂದು ಗೋಡೆ ಬಿದ್ದಿತೆಂದು ಉಳಿದ ಮೂರು ತಾವಾಗಿ ಬೀಳುವುದಿಲ್ಲ.

ಇಲ್ಲಿ ಕೆಲವು ಸ್ನೇಹಿತರು ಒಂದು ಆಕ್ಷೇಪ ಎತ್ತುತ್ತಾರೆ. ನೂಲಿನ ದರ ಏರಿದೆ, ಮಗ್ಗಗಳು ನಿಂತಿವೆ, ಅಂಗಡಿಯಲ್ಲಿ ಗಿರಾಕಿ ಇಲ್ಲ. ಇಂಥ ಹೊತ್ತಿನಲ್ಲಿ ಆಟದ ಮಾತು ಯಾಕೆ, ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಜುಟ್ಟಿಗೆ ಮಲ್ಲಿಗೆಯೇ ಎನ್ನುತ್ತಾರೆ. ಈ ಮಾತನ್ನು ನಾವು ಹಗುರಾಗಿ ತಳ್ಳಿಹಾಕುವುದಿಲ್ಲ. ಆದರೆ ಕಾರ್ಮಿಕರ ಹೋರಾಟದ ಇತಿಹಾಸವೇನು ಹೇಳುತ್ತದೆ? ಎಂಟು ತಾಸು ದುಡಿಮೆ, ಎಂಟು ತಾಸು ನಿದ್ದೆ, ಇನ್ನುಳಿದ ಎಂಟು ತಾಸು ನಮ್ಮವು ಎಂದು ಲೋಕದ ದುಡಿಮೆಗಾರರು ಪಟ್ಟು ಹಿಡಿದದ್ದು ಹೊಟ್ಟೆ ತುಂಬಿದ ಮೇಲಲ್ಲ, ಹಸಿದಿದ್ದಾಗಲೇ. ಯುರೋಪಿನ ಕಾರ್ಮಿಕ ಸಂಘಗಳು 1925ರಲ್ಲಿ ಫ್ರಾಂಕ್‌ಫರ್ಟ್, 1931ರಲ್ಲಿ ವಿಯೆನ್ನಾ, 1937ರಲ್ಲಿ ಆಂಟ್‌ವರ್ಪ್ ನಗರಗಳಲ್ಲಿ ಶ್ರೀಮಂತರ ಒಲಿಂಪಿಕ್ಸಿಗೆ ಎದುರಾಗಿ ತಮ್ಮದೇ ಕಾರ್ಮಿಕ ಒಲಿಂಪಿಕ್ಸನ್ನು ನಡೆಸಿದವು. ಮೈಗೆ ದುಡಿಮೆ ಮಾತ್ರವೇ, ಆಟವಿಲ್ಲ ಎಂದು ಹೇಳುವವನು ಮಾಲೀಕ. ಆ ಮಾತನ್ನು ನಮ್ಮ ಬಾಯಿಂದ ನಾವೇ ಆಡಬಾರದು.

ಮೇಲಾಗಿ ಆಟ ನಮ್ಮ ನಾಡಿಗೆ ಹೊರಗಿನಿಂದ ಬಂದದ್ದೇ? ನಮ್ಮ ಕಡೆ ಜಾತ್ರೆ ಎಂದರೆ ಕುಸ್ತಿ ಇರಲೇಬೇಕು. ಸಂಗ್ರಾಣಿ ಕಲ್ಲು ಎತ್ತುವವರು, ತುಂಬಿದ ಚೀಲ ಹೆಗಲಿಗೇರಿಸುವವರು ಈಗಲೂ ಇದ್ದಾರೆ. ಕಬಡ್ಡಿಗೆ ಆ ಹೆಸರು ಬರುವ ಮೊದಲು ನಮ್ಮ ಹಿರಿಯರು ಹುತುತು ಆಡಿದ್ದಾರೆ. ತುಳಸಿಗೇರಿಯ ಹುಡುಗರ ಮಲ್ಲಗಂಬವನ್ನು ನಮ್ಮ ಓದುಗರು ನೋಡಿರಬೇಕು. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸೈಕಲ್ಲಿನವರ ಹೆಸರು ರಾಜ್ಯಕ್ಕೆಲ್ಲ ಗೊತ್ತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೊಖೊ ವಿಶ್ವಕಪ್ ನಡೆದಾಗ ಭಾರತದ ಗಂಡಸರ ತಂಡ, ಹೆಂಗಸರ ತಂಡ ಎರಡೂ ಗೆದ್ದವು. ಆ ಆಟಕ್ಕೆ ಬೇಕಾದದ್ದು ಎರಡು ಕಂಬ ಮತ್ತು ಒಂದಿಷ್ಟು ಬಯಲು. ನಮ್ಮಲ್ಲಿ ಕಸುವಿಗೆ ಕೊರತೆಯಿಲ್ಲ. ಆ ಕಸುವು ಕಾಲೇಜಿನ ಬಾಗಿಲು ದಾಟಿ ವಿಶ್ವವಿದ್ಯಾಲಯದ ಅಂಗಳ ಮುಟ್ಟುವ ದಾರಿಯಲ್ಲಿ ಎಲ್ಲಿಯೋ ಇಂಗಿಹೋಗುತ್ತದೆ.

ಕೊಲ್ಲಾಪುರದ ಕುಸ್ತಿಯ ಮಾತು ಬಂದರೆ ಕಿವಿ ನಿಮಿರಿಸದ ಪೈಲವಾನ ನಮ್ಮ ಕಡೆ ಇಲ್ಲ. ಸಾತಾರಾ ಜಿಲ್ಲೆಯ ಗೋಳೇಶ್ವರ ಎಂಬ ಹಳ್ಳಿಯ ಖಾಶಾಬಾ ಜಾಧವರು ಕೊಲ್ಲಾಪುರದ ರಾಜಾರಾಮ ಕಾಲೇಜಿನ ವಿದ್ಯಾರ್ಥಿ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ದುಡ್ಡಿರಲಿಲ್ಲ. ಊರವರು ಪಟ್ಟಿ ಹಾಕಿ ಕೂಡಿಸಿದರು. ಅವರ ಕಾಲೇಜಿನ ಪ್ರಾಚಾರ್ಯರಾಗಿದ್ದ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆ ಇಟ್ಟು 7000 ರೂಪಾಯಿ ಕೊಟ್ಟರು. ಜಾಧವರು ಕಂಚಿನ ಪದಕ ತಂದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಮನುಷ್ಯ ಗೆದ್ದು ತಂದ ಮೊದಲ ಒಲಿಂಪಿಕ್ ಪದಕ ಅದು. ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆಯಲ್ಲಿ ಊರವರು ಅವರನ್ನು ಬರಮಾಡಿಕೊಂಡರು.

ಈ ಕತೆಯನ್ನು ವೇದಿಕೆಯ ಮೇಲೆ ಹೇಳುವವರು ಪ್ರಾಚಾರ್ಯರ ತ್ಯಾಗವನ್ನು ಕೊಂಡಾಡಿ ಚಪ್ಪಾಳೆ ಗಿಟ್ಟಿಸುತ್ತಾರೆ. ನಾವೂ ಆ ಹಿರಿಯರಿಗೆ ಕೈ ಮುಗಿಯುತ್ತೇವೆ. ಆದರೆ ಒಂದು ಪ್ರಶ್ನೆ ಕೇಳದೆ ಇರಲಾರೆವು. ಒಬ್ಬ ವಿದ್ಯಾರ್ಥಿ ದೇಶದ ಪರವಾಗಿ ಆಡಲಿಕ್ಕೆ ಒಬ್ಬ ಮಾಸ್ತರರ ಮನೆ ಒತ್ತೆ ಬೀಳಬೇಕೇಕೆ? ಮನೆ ಒತ್ತೆ ಇಡುವ ಪ್ರಾಚಾರ್ಯರು ಸಿಗದ ಮಕ್ಕಳ ಗತಿಯೇನು? ಪುಣ್ಯವಂತರ ದಯೆಯಿಂದ ನಡೆಯುವ ವ್ಯವಸ್ಥೆ ನೂರರಲ್ಲಿ ಒಬ್ಬನನ್ನು ಮೇಲೆತ್ತುತ್ತದೆ, ತೊಂಬತ್ತೊಂಬತ್ತು ಜನರನ್ನು ಗೈರುಹಾಜರಿ ಪಟ್ಟಿಗೆ ಸೇರಿಸುತ್ತದೆ.

ಇನ್ನೊಂದು ತುದಿಯನ್ನೂ ನೋಡೋಣ. 2022ರಲ್ಲಿ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆಯಿತು. ಪದಕ ಪಟ್ಟಿಯ ತುದಿಯಲ್ಲಿ ನಿಂತದ್ದು ಬೆಂಗಳೂರಿನ ಖಾಸಗಿಯಾದ ಜೈನ್ ವಿಶ್ವವಿದ್ಯಾಲಯ, 20 ಚಿನ್ನ. ಎರಡನೆಯದೂ ಪಂಜಾಬದ ಒಂದು ಖಾಸಗಿ ವಿಶ್ವವಿದ್ಯಾಲಯ. ಗೆದ್ದವರ ಶ್ರಮಕ್ಕೆ ನಮ್ಮ ಗೌರವವಿದೆ. ಹೆಸರು ಮಾಡಿದ ಆಟಗಾರರಿಗೆ ಪುಕ್ಕಟೆ ಸೀಟು ಕೊಟ್ಟು ಸೇರಿಸಿಕೊಳ್ಳುವುದು ಖಾಸಗಿ ವಿಶ್ವವಿದ್ಯಾಲಯಗಳ ರೂಢಿ. ಆಟಗಾರನಿಗೆ ಅದರಿಂದ ಒಳ್ಳೆಯದೇ ಆಗುತ್ತದೆ. ಆದರೆ ಬಲಿತ ಪೈರನ್ನು ಕೊಯ್ಯುವುದು ಬೇರೆ, ಬಿತ್ತುವುದು ಬೇರೆ. ಬರಿಗಾಲಿನಲ್ಲಿ ಓಡುವ, ಯಾರೂ ಹೆಸರು ಕೇಳದ ಹುಡುಗಿಯನ್ನು ಹುಡುಕಿ ಬೆಳೆಸುವ ಕೆಲಸ ಸರಕಾರಿ ವಿಶ್ವವಿದ್ಯಾಲಯದ್ದು, ಹುನಗುಂದ ಇಳಕಲ್ಲುಗಳಂಥ ಊರಿನ ಕಾಲೇಜಿನದು. ಅವು ಈ ಕೆಲಸ ಬಿಟ್ಟರೆ ಅದನ್ನು ಮಾಡುವವರು ಮತ್ತಾರೂ ಇಲ್ಲ.

ಅಮೆರಿಕದಲ್ಲಿ ಈ ಕಾಲೇಜು ಕ್ರೀಡೆ ದೊಡ್ಡ ವ್ಯಾಪಾರವೇ ಆಗಿದೆ. ಅಲ್ಲಿ ಮೊದಲ ಅಂತರ ಕಾಲೇಜು ಪಂದ್ಯ ನಡೆದದ್ದು 1852ರಲ್ಲಿ, ಹಾರ್ವರ್ಡ್ ಮತ್ತು ಯೇಲ್ ನಡುವಿನ ದೋಣಿ ಓಟ. ಅದರ ಖರ್ಚು ಹಾಕಿದ್ದು ಒಂದು ರೈಲ್ವೆ ಕಂಪನಿ, ತನ್ನ ಗಾಡಿಗೆ ಪ್ರಯಾಣಿಕರು ಬರಲೆಂದು! ಹುಟ್ಟಿನಲ್ಲಿಯೇ ಬಂಡವಾಳದ ಕೈ ಇತ್ತು. ಮುಂದೆ ಕಾಲೇಜುಗಳು, ದೂರದರ್ಶನದ ಕಂಪನಿಗಳು ಕೋಟಿಗಟ್ಟಲೆ ಗಳಿಸಿದವು. ಆಡಿ ಮೈ ಮುರಿದುಕೊಂಡವನಿಗೆ ಮಾತ್ರ ‘ನೀನು ವಿದ್ಯಾರ್ಥಿ, ನಿನಗೆ ಕೂಲಿ ಇಲ್ಲ’ ಎಂದರು. 2021ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಒಮ್ಮತದಿಂದ ಆಟಗಾರರ ಪರವಾಗಿ ತೀರ್ಪು ಕೊಟ್ಟಿತು. 2025ರ ಜೂನಿನಲ್ಲಿ ಮತ್ತೊಂದು ಮೊಕದ್ದಮೆಯ ರಾಜಿಯಂತೆ ಒಂದೊಂದು ವಿಶ್ವವಿದ್ಯಾಲಯ ವರ್ಷಕ್ಕೆ ಸುಮಾರು 2 ಕೋಟಿ ಡಾಲರಿನವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದೆಂದಾಯಿತು. ಬೆವರು ಸುರಿಸಿದವನು ಇಂದಲ್ಲ ನಾಳೆ ತನ್ನ ಪಾಲು ಕೇಳುತ್ತಾನೆ, ಎಲ್ಲ ದೇಶದಲ್ಲಿಯೂ.

ಆ ದಾರಿ ನಮಗೆ ಬೇಡ. ಹತ್ತು ಜನ ಆಡಿ, ಹತ್ತು ಸಾವಿರ ಜನ ಟಿಕೀಟು ಕೊಂಡು ನೋಡುವುದು ಕ್ರೀಡೆಯ ಸಮಾಜವಾದವಲ್ಲ. ಆದರೆ ಅದೇ ಅಮೆರಿಕದಿಂದ ಒಂದು ಪಾಠ ಕಲಿಯತಕ್ಕದ್ದಿದೆ. 1972ರಲ್ಲಿ ಅಲ್ಲಿ ಒಂದು ಕಾಯಿದೆ ಬಂತು: ಸರಕಾರದ ದುಡ್ಡು ಪಡೆಯುವ ಶಾಲೆ ಕಾಲೇಜುಗಳಲ್ಲಿ ಹೆಣ್ಣೆಂಬ ಕಾರಣಕ್ಕೆ ಯಾರನ್ನೂ ಹೊರಗಿಡಕೂಡದು ಎಂದು. ಆಗ ಅಲ್ಲಿಯ ಪ್ರೌಢಶಾಲೆಗಳಲ್ಲಿ ಆಟ ಆಡುತ್ತಿದ್ದ ಹುಡುಗಿಯರು 3 ಲಕ್ಷಕ್ಕೂ ಕಡಿಮೆ. ಇಂದು 30 ಲಕ್ಷಕ್ಕೂ ಹೆಚ್ಚು. ಹೆಣ್ಣುಮಕ್ಕಳಿಗೆ ಆಟದಲ್ಲಿ ಆಸಕ್ತಿಯಿಲ್ಲ ಎನ್ನುತ್ತಿದ್ದವರ ಬಾಯಿ ಮುಚ್ಚಿದ್ದು ಭಾಷಣದಿಂದಲ್ಲ, ಹಕ್ಕಿನಿಂದ.

ಮರೋಳದ ಹೆಸರನ್ನು ದೂರದವರು ಕೇಳಿದ್ದರೆ ಅದು ಏತ ನೀರಾವರಿಯಿಂದ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಮೇಲೆತ್ತಿ ಹುನಗುಂದ ತಾಲೂಕಿನ 24,000 ಹೆಕ್ಟೇರ್ ಭೂಮಿಗೆ ಹನಿ ನೀರಾವರಿ ಕೊಡುವ ಯೋಜನೆ ರಾಮಥಾಳ, ಮರೋಳಗಳ ಹೆಸರಿನಲ್ಲಿಯೇ ಆಯಿತು. ನೀರು ತಾನಾಗಿ ಏರಿಗೆ ಹರಿಯುವುದಿಲ್ಲವೆಂದು ಸರಕಾರಕ್ಕೆ ಗೊತ್ತಿತ್ತು. ಅದಕ್ಕೆ ಪಂಪು ಬೇಕು, ಪೈಪು ಬೇಕು, ವಿದ್ಯುತ್ತು ಬೇಕು. ಬಡವರ ಮಗಳೂ ತಾನಾಗಿ ಹಮಾಲನ ಮನೆಯಿಂದ ವಿಶ್ವವಿದ್ಯಾಲಯದ ತಂಡಕ್ಕೆ ಏರುವುದಿಲ್ಲ. ಅವಳನ್ನು ಎತ್ತುವ ಏತ ಯಾವುದು?

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಒಂದು, ಪ್ರತಿ ಕಾಲೇಜು ತಾನು ಕೂಡಿಸಿದ ಕ್ರೀಡಾ ಶುಲ್ಕವೆಷ್ಟು, ವಿಶ್ವವಿದ್ಯಾಲಯಕ್ಕೆ ಕೊಟ್ಟದ್ದೆಷ್ಟು, ಖರ್ಚಾದದ್ದು ಯಾವುದಕ್ಕೆ ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ನೋಟೀಸು ಬೋರ್ಡಿನ ಮೇಲೆ ಹಚ್ಚಬೇಕು. ಎರಡು, ಆಟಗಾರನ ಭತ್ಯೆ ಹೊರಡುವ ಮುಂಚಿನ ದಿನ ಅವನ ಕೈ ಸೇರಬೇಕು. ಬಿಲ್ ಆಮೇಲೆ ಆಗಲಿ. ಮೂರು, ಹೆಣ್ಣುಮಕ್ಕಳ ತಂಡದ ಜೊತೆ ಜವಾಬ್ದಾರಿಯುಳ್ಳ ಹೆಣ್ಣುಮಗಳು ಹೋಗಲೇಬೇಕು, ಇಳಿದುಕೊಳ್ಳುವ ಜಾಗದ ವಿವರ ತಂದೆತಾಯಿಗೆ ಕಾಗದದ ಮೇಲೆ ತಿಳಿಸಬೇಕು. ನಾಲ್ಕು, ಸ್ಪರ್ಧೆಗಳು ದೊಡ್ಡ ಊರುಗಳಲ್ಲಿಯೇ ನಡೆಯದೆ ಸರತಿಯಂತೆ ಹುನಗುಂದ, ಇಳಕಲ್ಲ, ಬಾದಾಮಿಗಳಲ್ಲಿಯೂ ನಡೆಯಬೇಕು. ಐದು, ದೈಹಿಕ ಶಿಕ್ಷಣದ ನಿರ್ದೇಶಕರ ಹುದ್ದೆ ಎಲ್ಲಿಯೂ ಖಾಲಿ ಇರಕೂಡದು. ಇಂದು ಬಂದು ನಾಳೆ ಹೋಗುವ ತಾತ್ಪೂರ್ತಿಕ ನೌಕರನಿಂದ ತಂಡ ಕಟ್ಟುವುದು ಆಗದು. ಆರು, ವಿಶ್ವವಿದ್ಯಾಲಯಗಳನ್ನು ಕೂಡಿಸಲಿ, ಒಡೆಯಲಿ, ಮಕ್ಕಳು ಕೊಟ್ಟ ಆಟದ ದುಡ್ಡು ಮಕ್ಕಳ ಆಟಕ್ಕೇ ಉಳಿಯಬೇಕು.

ಬೇಡಿಕೆ ಸರಕಾರಕ್ಕಷ್ಟೇ ಅಲ್ಲ, ನಮಗೂ ಇದೆ. ವ್ಯಾಪಾರಸ್ಥ ಬಂಧುಗಳೇ, ಜಾತ್ರೆಯ ಕುಸ್ತಿಗೆ ನೀವು ಉದಾರವಾಗಿ ಪಟ್ಟಿ ಕೊಡುತ್ತೀರಿ. ಅದರಲ್ಲಿ ಹತ್ತನೆಯ ಒಂದು ಪಾಲನ್ನು ಊರಿನ ಕಾಲೇಜಿನ ಬಡ ಆಟಗಾರರ ಬೂಟಿಗೆ, ಹಾಲಿಗೆ ತೆಗೆದಿಡಿರಿ. ಗಿರಣಿಯ ಗೆಳೆಯರೇ, ಮಗಳ ಪಂದ್ಯದ ದಿನ ತಂದೆಗೆ ರಜೆ ಸಿಗುವಂತೆ ನಿಮ್ಮ ಸಂಘದ ಬೇಡಿಕೆ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿರಿ. ‘ಹೆಣ್ಣುಹುಡುಗಿ ಚಡ್ಡಿ ಹಾಕಿ ಓಡುವುದೇ’ ಎಂದು ಕಟ್ಟೆಯ ಮೇಲೆ ಕುಳಿತು ನಗುವವರು ನಮ್ಮಲ್ಲಿಯೂ ಇದ್ದಾರೆ. ಆ ನಗೆಯೂ ಒಂದು ಗೋಡೆ. ಅದನ್ನು ಕೆಡವಲು ಯಾವ ಸರಕಾರದ ಹುಕುಮೂ ಬೇಕಾಗಿಲ್ಲ.

ನಮ್ಮ ಪಕ್ಷದ ಕಾರ್ಯಕರ್ತರಿಗೂ ಒಂದು ಮಾತು. ಕೂಲಿಯ ಸಭೆಗೆ ಹೋದಾಗ ಕೂಲಿಯ ಜೊತೆಗೆ ಮನೆಯ ಮಕ್ಕಳು ಏನು ಮಾಡುತ್ತಾರೆಂದು ಕೇಳಿರಿ. ನಾವು ಒಮ್ಮೆ ಕೇಳಲಿಲ್ಲ. ಅದರ ಬೆಲೆಯನ್ನು ನಾವು ಕೊಡಲಿಲ್ಲ, ಬೇರೆಯವರು ಕೊಟ್ಟರು.

ಓದುಗರೇ, ಮನೆಯಲ್ಲಿ ಪೆಟ್ಟಿಗೆಯೊಳಗೆ ಎಲ್ಲಿಯೋ ಆ ಪಾವತಿ ಇದೆ. ಇಂದು ರಾತ್ರಿ ತೆಗೆದು ಮಗನ ಕೈಯಲ್ಲೋ ಮಗಳ ಕೈಯಲ್ಲೋ ಗಟ್ಟಿಯಾಗಿ ಓದಿಸಿರಿ. ಕ್ರೀಡಾ ಶುಲ್ಕದ ಸಾಲು ಬಂದಾಗ ನಿಲ್ಲಿಸಿ, ಈ ವರ್ಷ ಕಾಲೇಜಿನಲ್ಲಿ ನೀನು ಯಾವ ಆಟ ಆಡಿದೆ ಎಂದು ಕೇಳಿರಿ. ಉತ್ತರ ಬರದಿದ್ದರೆ ಮರುದಿನ ಆ ಪಾವತಿ ಹಿಡಿದುಕೊಂಡು ಕಾಲೇಜಿನ ಅದೇ ಕಿಟಕಿಗೆ ಹೋಗಿರಿ. ಒಬ್ಬರೇ ಹೋಗಬೇಡಿರಿ, ಹತ್ತು ಜನ ಕೂಡಿ ಹೋಗಿರಿ. ಕೈ ಒಡ್ಡಬೇಕಾಗಿಲ್ಲ. ಕೊಟ್ಟ ದುಡ್ಡಿನ ಲೆಕ್ಕ ಕೇಳುವುದು ಭಿಕ್ಷೆಯಲ್ಲ.